ಶನಿಯ ಬಳೆ

ಆ ಸಂಜೆ ಟೆಲಿಸ್ಕೋಪಿನಲ್ಲಿ ನಾನು ನಿಜವಾಗಿ ಕಂಡದ್ದೇನು ಎಂದು ಯಾರಾದರೂ ಆಣೆ ಮಾಡಿಸಿ ಕೇಳಿದರೆ ನನಗೆ ಹೇಳಲಾಗುವುದಿಲ್ಲ. ಕಣ್ಣು ಮುಚ್ಚಿದರೆ ಶನಿಗ್ರಹ ಬರುತ್ತದೆ. ಸ್ವಲ್ಪ ವಾಲಿಕೊಂಡ ಬಳೆ, ಬಳೆಗೂ ಗೋಲಕ್ಕೂ ನಡುವೆ ಕೂದಲೆಳೆಯಷ್ಟು ಕಪ್ಪು. ಆದರೆ ಈ ಚಿತ್ರ ಜನ್ನಾಪುರದಲ್ಲಿ ತಂಗಿಯ ಮನೆಯ ತಾರಸಿಯದೋ, ಇಪ್ಪತ್ತು ವರ್ಷಕ್ಕೂ ಹಿಂದೆ ಎಂ.ಎಸ್ಸಿ. ಓದುವಾಗ ವಿಶ್ವವಿದ್ಯಾಲಯದ ಮಾಳಿಗೆಯ ಮೇಲೆ ಸರದಿಯಲ್ಲಿ ನಿಂತು ನೋಡಿದ್ದೋ, ಇಲ್ಲಾ ಮಕ್ಕಳ ಬಣ್ಣದ ಪುಸ್ತಕದ್ದೋ, ಬಿಡಿಸಿ ಹೇಳಲು ಆಗುತ್ತಿಲ್ಲ. ನಾನು ದನಿ ಎತ್ತರಿಸಲಿಲ್ಲ ಎಂದು ನನ್ನ ನೆನಪು. ಎತ್ತರಿಸಿದೆ ಎಂದು ನನ್ನ ತಂಗಿಯ ನೆನಪು. ಒಂದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ. ಐದು ವರ್ಷದ ಒಬ್ಬಳು ಹುಡುಗಿ ಫ್ರಾಕಿನ ಅಂಚಿನಿಂದ ಕಣ್ಣು ಒರೆಸಿಕೊಂಡು, "ಕಾಣಿಸ್ತು ಸಾರ್" ಎಂದಳು.

ನನ್ನ ಮನೆ ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯಿಂದ ಒಳಗೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಕಡೆ ಕೂತು ಒಂದು ಮಾತನ್ನು ಸುಮ್ಮನೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಮದುವೆ ಮನೆಯಲ್ಲಿ ಪುರೋಹಿತರನ್ನು ಮುಹೂರ್ತದ ಲೆಕ್ಕ ಕೇಳಿ, ನೆಂಟರು ನನ್ನನ್ನು ಊಟದ ಪಂಕ್ತಿಗೆ ಬೇಗ ಕಳಿಸಿಬಿಡುವಂತೆ ಮಾಡಿಕೊಂಡವನು. ತಂಗಿ ಭದ್ರಾವತಿಯ ಜನ್ನಾಪುರದಲ್ಲಿ ತನ್ನ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಶಿಶುವಿಹಾರ ನಡೆಸುತ್ತಾಳೆ. ಆಟೋ ಓಡಿಸುವವರ, ಅಂಗಡಿ ಇಟ್ಟವರ, ಹಿಂದೆ ಕಾರ್ಖಾನೆಯಲ್ಲಿದ್ದವರ ಮನೆಗಳ ಮಕ್ಕಳು ಬರುತ್ತಾರೆ. ಒಂದು ದಿನ ಅವಳೇ ಹೇಳಿದಳು:

"ನಿನ್ನ ತರ್ಕ ಎಲ್ಲ ದೊಡ್ಡೋರ ಹತ್ರ ಯಾಕೆ ಖರ್ಚು ಮಾಡ್ತೀಯಣ್ಣ? ಶನಿವಾರ ಮಧ್ಯಾಹ್ನ ಬಿಡುವಿರತ್ತಲ್ಲ, ಬಾ. ನಮ್ಮ ಮಕ್ಕಳಿಗೆ ಸೂರ್ಯ, ಚಂದ್ರ, ಗ್ರಹ ಎಲ್ಲ ಹೇಳ್ಕೊಡು. ಅವ್ರು ನಿಂಗೆ ಎದುರು ಮಾತಾಡಲ್ಲ."

ಹಾಗೆ ಶುರುವಾಯಿತು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗುತ್ತಿದ್ದೆ. ಮಕ್ಕಳು ನನಗೆ ಗ್ರಹದ ಸಾರ್ ಎಂದು ಹೆಸರಿಟ್ಟರು.

ಮೊದಲ ಪಾಠದಲ್ಲೇ ಸೋತೆ. ಅಂಗಳದ ನಡುವೆ ಹಳದಿ ಬಕೆಟ್ಟು ಬೋರಲು ಹಾಕಿ, ಇದು ಸೂರ್ಯ, ನೀವೆಲ್ಲ ಗ್ರಹಗಳು, ಸುತ್ತಬೇಕು ಎಂದೆ. ಹೇಳಿದ್ದೇ ತಡ ಮಕ್ಕಳು ಕೈಮುಗಿದುಕೊಂಡು, ಬಕೆಟ್ಟನ್ನು ಬಲಕ್ಕಿಟ್ಟುಕೊಂಡು, ಗುಡಿಯಲ್ಲಿ ನವಗ್ರಹ ಸುತ್ತುವ ಹಾಗೆ ಮೆಲ್ಲಗೆ ಪ್ರದಕ್ಷಿಣೆ ಹೊರಟರು. ಒಬ್ಬ ಹುಡುಗ ಪ್ರತಿ ಸುತ್ತಿಗೂ ಬಕೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಉತ್ತರದ ಕಡೆಯಿಂದ ನೋಡಿದರೆ ಗ್ರಹಗಳು ಸುತ್ತುವುದು ಇದಕ್ಕೆ ತಿರುವುಮುರುವು. ನಾನು ಮಕ್ಕಳನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸಲು ಹೋದೆ. ತಂಗಿ ಒಳಗಿಂದ ಓಡಿ ಬಂದಳು.

"ಅಣ್ಣಾ, ಉಲ್ಟಾ ಸುತ್ತಿಸ್ಬೇಡ ಮಾರಾಯ! ಅದು ಹೆಣದ ಸುತ್ತ ಬರೋ ಥರ. ಮನೆಯವ್ರು ನೋಡಿದ್ರೆ ನಾಳೆಯಿಂದ ಒಂದು ಮಗೂನೂ ಬರಲ್ಲ."

"ಗ್ರಹಗಳು ಹಂಗೇ ಸುತ್ತೋದು ಕಣೆ."

"ಕೆಳಗಿಂದ ನೋಡಿದ್ರೆ?"

"ಕೆಳಗಿಂದ ನೋಡಿದ್ರೆ... ಇವ್ರು ಸುತ್ತುತಿರೋ ಹಂಗೆ."

"ಹಾಗಾದ್ರೆ ಕೆಳಗಿಂದ ನೋಡು."

ಮಕ್ಕಳು ಪ್ರದಕ್ಷಿಣೆ ಮುಗಿಸಿ ಪ್ರಸಾದಕ್ಕೆ ಕೈಯೊಡ್ಡಿದರು. ತಂಗಿ ಬಿಸ್ಕತ್ತು ಕೊಟ್ಟಳು.

ಆ ಮೇಲಿನ ವಾರಗಳಲ್ಲಿ ಸ್ವಲ್ಪ ಬುದ್ಧಿ ಕಲಿತೆ. ವಿವರಿಸುವುದು ಬಿಟ್ಟು ತೋರಿಸುವುದಕ್ಕೆ ಇಳಿದೆ. ಶನಿಗ್ರಹ ಮಾಡಲು ಒಂದು ಮೂಸಂಬಿಗೆ ಸುತ್ತಲೂ ಊದುಬತ್ತಿಯ ಕಡ್ಡಿ ಚುಚ್ಚಿ, ಅವುಗಳ ಮೇಲೆ ತಂಗಿಯ ಹಳದಿ ಗಾಜಿನ ಬಳೆ ಕೂರಿಸಿದೆ. ಅದನ್ನು ಸ್ವಲ್ಪ ವಾಲಿಸಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬಳೆ ಹಾಕಿಕೊಂಡ ಗ್ರಹ ಎಂದ ಮೇಲೆ ಬೇರೆ ಗ್ರಹಗಳಿಗೆ ಅವರಲ್ಲಿ ಮರ್ಯಾದೆಯೇ ಉಳಿಯಲಿಲ್ಲ. ಜೊತೆಗೆ ಒಂದು ನಿಯಮವನ್ನೂ ಬಾಯಿಪಾಠ ಮಾಡಿಸಿದ್ದೆ. ನಾನು "ಏನು ಹೇಳ್ಬೇಕು?" ಎಂದರೆ ಅವರು ಒಕ್ಕೊರಲಿನಿಂದ "ಕಂಡಿದ್ದೇ ಹೇಳ್ಬೇಕು!" ಎನ್ನಬೇಕು. ಇದನ್ನು ಹೇಳಿಸುವಾಗ ನನಗೆ ಎಷ್ಟು ಹೆಮ್ಮೆಯಿತ್ತೆಂಬುದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಆ ನಿಯಮ ಬೇಕಿಲ್ಲದ ಮಗು ಒಂದೇ ಒಂದಿತ್ತು. ಕಂಡದ್ದನ್ನು ಹೇಳದೆ ಇರುವುದು ಆ ಹುಡುಗಿಗೆ ಬರುತ್ತಲೇ ಇರಲಿಲ್ಲ. ನಾನು ಹೋದ ಮೊದಲ ದಿನವೇ ಮುಖ ಎತ್ತಿ ನೋಡಿ, "ಸಾರ್, ನಿಮ್ಮ ಮೂಗಲ್ಲಿ ಬಿಳೀ ಕೂದ್ಲಿದೆ" ಎಂದಿದ್ದಳು. ತಂಗಿ ಚಂದ್ರನ ಚಿತ್ರ ಬರೆದು ಇದೇನು ಎಂದರೆ ಉಳಿದವರು ಚಂದಮಾಮ ಎನ್ನುತ್ತಿದ್ದರು, ಇವಳು "ಅರ್ಧ ದೋಸೆ" ಎನ್ನುತ್ತಿದ್ದಳು. ಎಲ್ಲರೂ ನಕ್ಕರೂ ಮಾತು ಬದಲಿಸುತ್ತಿರಲಿಲ್ಲ. ಅವಳ ಅಪ್ಪ ಆಟೋ ಓಡಿಸುತ್ತಿದ್ದರು, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಅವಳನ್ನು ಬಿಡಲು, ಕರೆದೊಯ್ಯಲು ಬರುತ್ತಿದ್ದದ್ದು ಅಜ್ಜಿ. ಇವಳೊಬ್ಬಳೇ ನೋಡು ನನ್ನ ಶಿಷ್ಯೆ ಎಂದು ನಾನು ತಂಗಿಯ ಹತ್ತಿರ ಹೇಳಿಕೊಂಡಿದ್ದೇನೆ.

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟಿತು. ಸಂಜೆ ಏಳರ ಹೊತ್ತಿಗೆ ಶನಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುವ ದಿನಗಳು. ಉಕ್ಕಿನ ಕಾರ್ಖಾನೆಯ ಕುಲುಮೆ ಉರಿಯುತ್ತಿದ್ದ ಕಾಲದಲ್ಲಿ ಈ ಊರಿನ ಆಕಾಶ ರಾತ್ರಿಯಲ್ಲೂ ಕೆಂಪಗಿರುತ್ತಿತ್ತಂತೆ. ಈಗ ಬೀದಿದೀಪ ಬಿಟ್ಟರೆ ಅಡ್ಡಿಯಿಲ್ಲ. ನಾನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಸಣ್ಣ ಟೆಲಿಸ್ಕೋಪನ್ನು ಒಂದು ಶನಿವಾರ ತಂಗಿಯ ತಾರಸಿಗೆ ತರುತ್ತೇನೆ, ಮಕ್ಕಳಿಗೆ ಬಳೆಯನ್ನು ನಿಜವಾಗಿ ತೋರಿಸುತ್ತೇನೆ ಎಂದೆ. ಎಲ್ಲ ಮನೆಯವರೂ ಒಪ್ಪಿದರು. ಆ ಹುಡುಗಿಯ ಅಜ್ಜಿ ಮಾತ್ರ ಗೇಟಿನ ಹತ್ತಿರವೇ ನಿಂತು ತಡೆದರು.

"ಬೇಡ ಸಾರ್. ಚಂದ್ರನ್ನ ತೋರ್ಸಿ, ನಕ್ಷತ್ರ ತೋರ್ಸಿ. ಶನೀನ ಹಂಗೆ ಎದುರಾ ಎದುರು ನಿಂತು ನೋಡ್ತಾರಾ ಯಾರಾದ್ರೂ? ಅದೂ ಶನಿವಾರ."

"ನೋಡದೆ ಇರೋದಕ್ಕೇ ಭಯ ಅಮ್ಮಾ. ಒಂದ್ಸಲ ನೋಡಿಬಿಟ್ರೆ ಹೋಗತ್ತೆ."

"ಭಯ ಅಲ್ಲ ಸಾರ್. ಮರ್ಯಾದೆ."

ಅವರ ಮಾತು ನನಗೆ ಹೊಸದಾಗಿರಲಿಲ್ಲ. ನಾನು ಚಿಕ್ಕವನಿದ್ದಾಗ ಅಮ್ಮ ಶಿವಮೊಗ್ಗದ ಕೋಟೆಯ ಕಡೆ ಗುಡಿಗೆ ಕರೆದೊಯ್ದಾಗ, ಶನಿಯ ಮುಂದೆ ಬಂದ ಕೂಡಲೇ ನನ್ನ ಗಲ್ಲ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದಳು. ಅವಳ ಬೆರಳಿನಲ್ಲಿ ಎಳ್ಳೆಣ್ಣೆಯ ವಾಸನೆ ಇರುತ್ತಿತ್ತು. ಇದೂ ನಿಜವಾದ ನೆನಪೋ, ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು. ಆದರೆ ಆ ಬೆರಳುಗಳ ಮೇಲಿನ ಸಿಟ್ಟನ್ನೇ ನಾನು ವಿಜ್ಞಾನ ಎಂದುಕೊಂಡು ಓದಿದೆನೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಅಜ್ಜಿಯೊಡನೆ ಹತ್ತು ನಿಮಿಷ ವಾದಿಸಿದೆ. ಕೊನೆಗೆ ಮೊಮ್ಮಗಳೇ ಕೈ ಜಗ್ಗಿ, "ಬಳೆ ನೋಡ್ಬೇಕು ಅಜ್ಜಿ" ಎಂದಳು. ಅಜ್ಜಿ, "ಆಯ್ತು, ನಾನೂ ಜೊತೇಲಿ ಇರ್ತೀನಿ" ಎಂದರು.

ಆ ಸಂಜೆ ತಾರಸಿಯಲ್ಲಿ ಜಾತ್ರೆಯ ಗದ್ದಲ. ತಂದೆ ತಾಯಂದಿರು ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದಿದ್ದರು. ನಾನು ಮೂಸಂಬಿಯನ್ನು ಇನ್ನೊಮ್ಮೆ ವಾಲಿಸಿ ತೋರಿಸಿ, ಇದೇ ಕಾಣುತ್ತದೆ ಎಂದೆ. ಆಮೇಲೆ ಟೆಲಿಸ್ಕೋಪಿಗೆ ನಾನೇ ಮೊದಲು ಕಣ್ಣಿಟ್ಟೆ. "ಆಹಾ, ಬಳೆ!" ಎಂದೆ. ಹಾಗೆ ಅಂದದ್ದು ಖಂಡಿತ, ಅದಕ್ಕೆ ತಂಗಿ ಸಾಕ್ಷಿ. ಕಂಡೇ ಅಂದೆನೋ ಎಂಬುದಕ್ಕೆ ಸಾಕ್ಷಿಯಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಬಂದರು. "ಕಾಣಿಸ್ತು ಸಾರ್!" ಎಂದ ಒಬ್ಬ. "ನಂಗೆ ಎರಡು ಬಳೆ ಕಾಣಿಸ್ತು!" ಎಂದ ಇನ್ನೊಬ್ಬ. "ನಂಗೆ ಹಸಿರು ಬಳೆ" ಎಂದಳು ಒಬ್ಬಳು. ಬಕೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ ಹುಡುಗನಂತೂ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಬಾಗಿ ನಿಂತು, "ಆಹಾ, ಬಳೆ!" ಎಂದ, ನನ್ನ ದನಿಯಲ್ಲೇ. ದೊಡ್ಡವರು ನಕ್ಕರು, ನಾನೂ ನಕ್ಕೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗರು ಪಕ್ಕದವನ ಉತ್ತರ ನೋಡಿ ಅಳತೆ ಬರೆದರೆ ಪುಟದ ಮೇಲೆ ಅಡ್ಡಗೆರೆ ಎಳೆಯುವವನು ನಾನು. ಅವತ್ತು ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಪಾಠ ಗೆದ್ದಿತು ಎಂದುಕೊಂಡೆ.

ಆ ಹುಡುಗಿಯ ಸರದಿ ಬಂತು. ಉಳಿದವರಿಗಿಂತ ತುಂಬ ಹೊತ್ತು ನೋಡಿದಳು. ಆಮೇಲೆ ಹಿಂದೆ ಸರಿದು, ಎಂದಿನ ದನಿಯಲ್ಲಿ ಹೇಳಿದಳು.

"ಬಳೆ ಇಲ್ಲ ಸಾರ್."

"ಇದೆ. ಸರಿಯಾಗಿ ನೋಡು."

ಮತ್ತೆ ನೋಡಿದಳು. "ಬೊಟ್ಟಿದೆ. ಹಳದಿ ಬೊಟ್ಟು."

"ಬೊಟ್ಟಿನ ಸುತ್ತ ನೋಡು."

"ಸುತ್ತ ಏನೂ ಇಲ್ಲ."

"ಎಲ್ರಿಗೂ ಕಾಣಿಸ್ತಲ್ಲ! ನಿಂಗೊಬ್ಬಳಿಗೇ ಯಾಕೆ ಕಾಣ್ಸಲ್ಲ?"

ಹಿಂದಿನಿಂದ ಯಾವನೋ ಹುಡುಗ, "ಅವಳಿಗೆ ಕಣ್ಣಿಲ್ಲ ಸಾರ್" ಎಂದ. ನಗು ಎದ್ದಿತು. ಅಜ್ಜಿ ಪ್ಯಾರಪೆಟ್ಟಿನ ಹತ್ತಿರ ನೆಟ್ಟಗೆ ನಿಂತಿದ್ದರು, ಅವರು ನಗಲಿಲ್ಲ. ನಾನು ಹುಡುಗಿಯ ಗಲ್ಲ ಹಿಡಿದು ಮುಖವನ್ನು ಟೆಲಿಸ್ಕೋಪಿನ ಕಡೆ ತಿರುಗಿಸಿದೆನಂತೆ. ಇದು ತಂಗಿ ಹೇಳಿದ್ದು. ನನಗೆ ನೆನಪಿರುವುದು ಬರೀ ಭುಜದ ಮೇಲೆ ಕೈಯಿಟ್ಟದ್ದು. ಆದರೆ ತಂಗಿಗೆ ಅಮ್ಮನ ಬೆರಳುಗಳ ವಿಷಯ ನಾನು ಯಾವತ್ತೂ ಹೇಳಿರಲಿಲ್ಲ, ಆದ್ದರಿಂದ ಅವಳ ಮಾತನ್ನು ನಂಬಬೇಕಾಗಿದೆ.

ಹುಡುಗಿ ನೋಡಿದಳು. ಫ್ರಾಕಿನ ಅಂಚಿನಿಂದ ಕಣ್ಣು ಒರೆಸಿಕೊಂಡಳು. "ಕಾಣಿಸ್ತು ಸಾರ್" ಎಂದಳು. ಮೊದಲು ಚಪ್ಪಾಳೆ ತಟ್ಟಿದವನು ನಾನು.

ಕೆಲವು ವಾರ ನನಗೆ ಭದ್ರಾವತಿಗೆ ಹೋಗಲಾಗಲಿಲ್ಲ, ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಹೊಸ ವರ್ಷ ಬಂದ ಮೇಲೆ ತಂಗಿ ಫೋನ್ ಮಾಡಿದಳು.

"ಅಣ್ಣಾ, ಆ ಹುಡುಗಿ ಶನಿವಾರ ಬರ್ತಿಲ್ಲ."

"ಯಾಕೆ, ಹುಷಾರಿಲ್ವಾ?"

"ಶನಿ ಗುಡಿಗೆ ಹೋಗ್ತಾರೆ ಅಜ್ಜೀ ಮೊಮ್ಮಗಳೂ. ಎಳ್ಳುಬತ್ತಿ ಹಚ್ಚೋಕೆ. ಎಲ್ರಿಗೂ ದರ್ಶನ ಕೊಟ್ಟ, ನಮ್ಮ ಪುಟ್ಟಿಗೊಬ್ಬಳಿಗೇ ಕೊಡ್ಲಿಲ್ಲ, ಏನೋ ಕೋಪ ಇದೆ ಅಂತ ಹರಕೆ ಹೊತ್ಕೊಂಡಿದಾರೆ."

"ಮೂಢನಂಬಿಕೆ!" ಎಂದೆ.

"ಅದನ್ನ ತಲೆಗೆ ಹಾಕಿದ್ದು ಯಾರು?" ಎಂದಳು ತಂಗಿ. "ಗುಡಿಗೆ ಹೋಗ್ಲಿ ಬಿಡು, ಅದಲ್ಲ ನನ್ನ ಚಿಂತೆ. ಈಗ ಏನು ತೋರಿಸಿ ಇದೇನೇ ಅಂದ್ರೂ, ಮೊದ್ಲು ಬಾಕಿ ಮಕ್ಕಳ ಮುಖ ನೋಡ್ತಾಳೆ. ಅವ್ರು ಏನಂತಾರೋ ಕೇಳಿ ಅದೇ ಹೇಳ್ತಾಳೆ. ನಿನ್ನೆ ಅರ್ಧ ಚಂದ್ರ ಬರ್ದೆ. ಚಂದಮಾಮ ಅಂದ್ಲು."

ಆ ಮಾತು ಕೇಳಿದ ಮೇಲೂ ನನ್ನ ತಪ್ಪು ನನಗೆ ಪೂರ್ತಿ ತಿಳಿದಿರಲಿಲ್ಲ. ಅವಳಿಗೆ ಕಾಣುವ ಹಾಗೆ ತೋರಿಸಲಿಲ್ಲ, ಅಷ್ಟೇ ತಪ್ಪು ಎಂದುಕೊಂಡೆ. ಇನ್ನೊಮ್ಮೆ ಅವಳೊಬ್ಬಳಿಗೇ ಸಮಾಧಾನವಾಗಿ ಬಳೆ ತೋರಿಸಿದರೆ ಎಲ್ಲ ಸರಿಹೋಗುತ್ತದೆ. ಅದಕ್ಕೆ ಮುಂಚೆ ಟೆಲಿಸ್ಕೋಪನ್ನು ಒಂದು ಸಲ ನೋಡಿಕೊಳ್ಳೋಣವೆಂದು ಆ ಸಂಜೆಯೇ ನಮ್ಮ ಮನೆಯ ತಾರಸಿ ಹತ್ತಿದೆ. ಸವಳಂಗ ರಸ್ತೆಯ ವಾಹನಗಳ ಸದ್ದು ಕೆಳಗೆ. ಶನಿ ಪಡುವಣಕ್ಕೆ ವಾಲಿತ್ತು. ಕಣ್ಣಿಟ್ಟೆ.

ಹಳದಿ ಬೊಟ್ಟು.

ಗಾಜು ಒರೆಸಿದೆ. ಫೋಕಸ್ಸಿನ ತಿರುಪನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದೆ. ಕನ್ನಡಕ ತೆಗೆದು, ಹಾಕಿ ನೋಡಿದೆ. ಗಾಜಿಗೆ ಬೂಷ್ಟು ಹಿಡಿದಿದೆಯೇನೋ ಎಂದು ಟಾರ್ಚು ಬಿಟ್ಟು ನೋಡಿದೆ, ಇರಲಿಲ್ಲ. ಬೊಟ್ಟಿನ ಸುತ್ತ ನೋಡಿದೆ. ಸುತ್ತ ಏನೂ ಇಲ್ಲ.

ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ನಿಂತೆ. ಬುಟ್ಟಿಯಲ್ಲಿ ಮೂಸಂಬಿ ಇರಲಿಲ್ಲ, ಕಿತ್ತಳೆ ಇತ್ತು. ಕಡ್ಡಿ ಚುಚ್ಚಿ, ನನ್ನ ಚೀಲದಲ್ಲೇ ಉಳಿದಿದ್ದ ತಂಗಿಯ ಬಳೆ ಕೂರಿಸಿ, ಈ ಸಲ ವಾಲಿಸದೆ ಬಳೆಯ ಅಂಚು ಕಣ್ಣಿಗೆ ಸಮನಾಗಿ ಬರುವಂತೆ ತೋಳುದ್ದಕ್ಕೆ ಹಿಡಿದೆ. ಬಳೆ ಒಂದು ಗೆರೆಯಾಯಿತು. ಹಣ್ಣನ್ನು ಕೋಣೆಯ ಆಚೆ ತುದಿಯ ಕಪಾಟಿನ ಮೇಲಿಟ್ಟು ಹಿಂದೆ ಹಿಂದೆ ಬಂದೆ. ಗೆರೆಯೂ ಹೋಯಿತು, ಕಿತ್ತಳೆ ಉಳಿಯಿತು. ಆಗ ಎಂದೋ ಓದಿದ್ದು ನೆನಪಾಗತೊಡಗಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಉಂಗುರಗಳು ನಮಗೆ ಅಂಚು ತೋರಿಸುತ್ತವೆ, ಆಗ ಅವು ಇದ್ದೂ ಕಾಣುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಪರೀಕ್ಷೆಯಲ್ಲಿ ಉತ್ತರ ಬರೆದಿರಲೂಬಹುದು. ಮಕ್ಕಳ ಮುಂದೆ ಬಳೆಯನ್ನು ಯಾವಾಗಲೂ ವಾಲಿಸಿಯೇ ಹಿಡಿದಿದ್ದೆ, ಅದು ಚೆಂದ ಕಾಣುತ್ತದೆಂದು.

ಆ ಶನಿವಾರವೇ ಹಣ್ಣು, ಕಡ್ಡಿ, ಬಳೆ ಚೀಲಕ್ಕೆ ಹಾಕಿಕೊಂಡು ಜನ್ನಾಪುರದಲ್ಲಿ ಆ ಹುಡುಗಿಯ ಮನೆಗೆ ಹೋದೆ. ಅಜ್ಜಿ ಮೊಮ್ಮಗಳು ಗುಡಿಯಿಂದ ಆಗತಾನೆ ಬಂದು ಜಗಲಿಯ ಮೇಲೆ ಕೂತಿದ್ದರು. ಹುಡುಗಿಯ ಹಣೆಯಲ್ಲಿ ಕಪ್ಪು ಪ್ರಸಾದ. ನನ್ನನ್ನು ನೋಡಿ ಎದ್ದು ಅಜ್ಜಿಯ ಹಿಂದೆ ನಿಂತಳು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಿಟ್ಟುಹೋದವು.

"ಅಮ್ಮಾ, ಅವತ್ತು ಪುಟ್ಟಿ ಹೇಳಿದ್ದೇ ಸರಿ. ಬಳೆ ಯಾರಿಗೂ ಕಾಣೋ ಹಾಗಿರ್ಲಿಲ್ಲ."

"ಬಾಕಿ ಹುಡುಗ್ರೆಲ್ಲ ಕಾಣಿಸ್ತು ಅಂದ್ರಲ್ಲ?"

"ನಾನು ಅಂದಿದ್ದೆ. ಅದಕ್ಕೆ ಅವ್ರೂ ಅಂದ್ರು."

"ನೀವ್ಯಾಕೆ ಅಂದ್ರಿ?"

ನಾನು ಚೀಲದಿಂದ ಹಣ್ಣು ತೆಗೆದು, ಬಳೆ ಕೂರಿಸಿ, ಅಂಚು ತಿರುಗಿಸಿ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಅವರ ಮುಖ ಅರಳಿತು.

"ಅಂದ್ರೆ ಶನಿಮಹಾತ್ಮ ಅವತ್ತು ಈ ಕಡೆ ಮುಖ ಮಾಡಿರ್ಲಿಲ್ಲ ಅನ್ನಿ!"

"ಮುಖ ಅಂತಲ್ಲ ಅಮ್ಮಾ, ಅಂಚು..."

"ಅದೇ ಸಾರ್, ಅಂಚೋ ಮುಖವೋ. ದೃಷ್ಟಿ ಬೀಳ್ಲಿಲ್ಲ ತಾನೆ? ಎಷ್ಟು ಒಳ್ಳೇದಾಯ್ತು! ಸುಮ್ನೆ ಹೆದರ್ಕೊಂಡಿದ್ವಿ. ಕೇಳಿದ್ಯೇನೇ ಪುಟ್ಟಿ, ನಿನ್ನ ಮೇಲೆ ಕೋಪ ಇಲ್ವಂತೆ. ಸಾರೇ ಬಂದು ಹೇಳ್ತಿದಾರೆ."

ತಿದ್ದಲು ಹೊರಟೆ. ಆದರೆ ಯಾವ ಮುಖ ಇಟ್ಟುಕೊಂಡು ತಿದ್ದುವುದು? ನಾನು ಬಂದದ್ದು ಅಜ್ಜಿಗಾಗಿ ಅಲ್ಲ. ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಪುಟ್ಟೀ, ನೀನು ಕಂಡಿದ್ದೇ ನಿಜ. ಬೊಟ್ಟು ಅಂದ್ಯಲ್ಲ, ಅದೇ ಸರಿ. ಸಾರೇ ತಪ್ಪು ಹೇಳಿದ್ದು."

ಅವಳು ನನ್ನ ಮುಖ ನೋಡಿದಳು. ತಿರುಗಿ ಅಜ್ಜಿಯ ಮುಖ ನೋಡಿದಳು. ಮತ್ತೆ ನನ್ನ ಕೈಯಲ್ಲಿದ್ದ ಬಳೆ ನೋಡಿದಳು.

"ಇಲ್ಲ ಸಾರ್, ನಂಗೂ ಬಳೆ ಕಾಣಿಸ್ತು."

"ಸಾರೇ ಇಲ್ಲ ಅಂತಿದಾರಲ್ಲೇ" ಎಂದು ಅಜ್ಜಿ ನಕ್ಕರು.

"ಕಾಣಿಸ್ತು. ಹಳದೀದು. ಹಿಂಗೆ ಸೊಟ್ಟಕ್ಕಿತ್ತು." ಅವಳು ಅಂಗೈಯನ್ನು ವಾಲಿಸಿ ತೋರಿಸಿದಳು, ನಾನು ಮೂಸಂಬಿ ಹಿಡಿಯುತ್ತಿದ್ದ ಅದೇ ಓರೆಯಲ್ಲಿ. "ನಡುವೆ ಕಪ್ಪಿತ್ತು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಕಣ್ಣಲ್ಲಿ ಅದು ಇತ್ತು. ನನ್ನ ಕಣ್ಣಲ್ಲಿರುವ ಹಾಗೆಯೇ. "ಏನು ಹೇಳ್ಬೇಕು?" ಎಂದು ಕೇಳಬೇಕೆನ್ನಿಸಿತು. ಅಜ್ಜಿ ಕಾಫಿ ತಂದುಕೊಟ್ಟರು, ಕುಡಿದೆ. ಹಣ್ಣನ್ನೂ ಬಳೆಯನ್ನೂ ಜಗಲಿಯ ಮೇಲೆಯೇ ಬಿಟ್ಟು ಬಂದೆ.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ನನ್ನ ಹಾಳು ಚಾಳಿ ಮತ್ತೆ ಎದ್ದಿತು. ಅವಳು ಅಷ್ಟು ಖಚಿತವಾಗಿ ಹೇಳಿದಳಲ್ಲ. ನಡುವಿನ ಕಪ್ಪನ್ನೂ ಹೇಳಿದಳು. ನಾನು ನೋಡಿದ್ದು ಹೊಸ ವರ್ಷದ ಬೊಟ್ಟು. ಅವತ್ತು ದೀಪಾವಳಿ ಆದ ಹೊಸತು, ಆಗ ಬಳೆ ಸ್ವಲ್ಪವಾದರೂ ತೆರೆದಿತ್ತೇನೋ. ಹಾಗಿದ್ದರೆ ನಾನು ಕಂಡದ್ದೂ ನಿಜ, ಮಕ್ಕಳು ಕಂಡದ್ದೂ ನಿಜ, ಅವಳ ಗಲ್ಲ ಹಿಡಿದದ್ದೂ ಅಷ್ಟು ದೊಡ್ಡ ತಪ್ಪಲ್ಲ. ಆ ಆಸೆ ಹುಟ್ಟಿದ್ದಕ್ಕೆ ಆಗಲೇ ನಾಚಿಕೆಯಾಯಿತು. ಆದರೂ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚಿ, ತಾರಸಿಯ ಆ ಶನಿವಾರಕ್ಕೆ ಶನಿಯ ಸ್ಥಿತಿ ತೆಗೆದು ನೋಡಿದೆ. ಬೇರೆ ಎರಡು ಕಡೆ ತಾಳೆ ಹಾಕಿದೆ. ಎಲ್ಲ ಕಡೆಯೂ ಒಂದೇ ಇತ್ತು. ಆ ವಾರ ಉಂಗುರಗಳು ಭೂಮಿಯ ಕಡೆಗೆ ವಾಲಿದ್ದದ್ದು ಒಂದು ಡಿಗ್ರಿಗೂ ಕಡಿಮೆ, ನನ್ನದರಂಥ ಸಣ್ಣ ಟೆಲಿಸ್ಕೋಪಿನಲ್ಲಿ ಆಗ ಶನಿ ಕಾಣುವುದು ಬರೀ ಒಂದು ಹಳದಿ ಬೊಟ್ಟಾಗಿ.